ವರ್ನಾಳ ಐದನೆಯ ಮತ

ವರ್ನಾ ಸ್ಟೆಂಕಾ ಮೂವತ್ತೊಂದು ವರ್ಷ ನಮ್ಮ ಲಿಂಡೆನ್ ಫಾಲ್ಸ್ ಶಾಲೆಯ ಅಡುಗೆಮನೆ ನಡೆಸಿದವಳು. ನಿವೃತ್ತಳಾದ ವರ್ಷವೇ ಮೇಯರ್ ಅವಳನ್ನು ಪೊಲೀಸ್ ಆಯೋಗಕ್ಕೆ ಹಾಕಿದರು. ಅಮೆರಿಕದ ವಿಸ್ಕಾನ್ಸಿನ್‌ನ ನಮ್ಮಂಥ ಊರುಗಳಲ್ಲಿ ಪೊಲೀಸ್ ಮುಖ್ಯಸ್ಥರನ್ನು ಆರಿಸುವವರು ಈ ಆಯೋಗದ ಐವರು. ವರ್ನಾಳನ್ನು ಬಿಟ್ಟರೆ ಉಳಿದವರೆಲ್ಲ ಗಂಡಸರು. ಮೊದಲ ಸಭೆಯಲ್ಲೇ ಕಾಫಿಪಾತ್ರೆ ಅವಳ ಕಡೆ ಸರಿದು ಬಂತು, ಹಿಂದೆಯೇ ನಡಾವಳಿ ಪುಸ್ತಕ. ಎಂಟು ತಿಂಗಳು ಅವಳು ಕಾಫಿ ಕಾಸಿದಳು, ಮನೆಯಿಂದ ಕುಂಬಳದ ಕೇಕು ತಂದಳು, ಬೇರೆಯವರು ಆಡಿದ್ದನ್ನು ಬರೆದುಕೊಂಡಳು.

ಹಳೆಯ ಮುಖ್ಯಸ್ಥ ಇಳಿದಾಗ ಇಪ್ಪತ್ತಮೂರು ಅರ್ಜಿ ಬಂದವು. ಜರಡಿ ಹಿಡಿದು ಉಳಿದವರು ಇಬ್ಬರು: ಮಿಲ್ವಾಕಿ ಕಡೆಯ ಪೊಲೀಸ್ ಕ್ಯಾಪ್ಟನ್ ಹಾಲ್ವರ್, ನಮ್ಮ ಠಾಣೆಯಲ್ಲೇ ಹದಿನಾರು ವರ್ಷ ದುಡಿದ ಸಾರ್ಜೆಂಟ್ ರೋಸಲಿನ್ ಪ್ರೂಸಕ್. ಗಂಡಸರಲ್ಲಿ ಇಬ್ಬರು ಅತ್ತ, ಇಬ್ಬರು ಇತ್ತ ಎಂದು ಊರೆಲ್ಲ ಲೆಕ್ಕ ಹಾಕಿತ್ತು. ವರ್ನಾ ಮಾತ್ರ ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ.

ಆಯೋಗದ ಅಧ್ಯಕ್ಷ ಆರ್ಡೆಲ್ ಒಂದು ಎಡವಟ್ಟು ಮಾಡಿದ್ದ. ಕೊನೆಯ ಸಂದರ್ಶನವನ್ನು ವರ್ಷಕ್ಕೊಮ್ಮೆ ಊರೆಲ್ಲ ಕಾಡಿಗೆ ಹೊರಡುವ ಜಿಂಕೆ ಬೇಟೆ ಶುರುವಾಗುವ ಶನಿವಾರದ ಹಿಂದಿನ ಸಂಜೆಗೇ ಇಟ್ಟಿದ್ದ. ಹೊರಗೆ ಟ್ರಕ್ಕುಗಳು ಬಂದೂಕು, ಹಾಸಿಗೆ, ಬಿಯರು ತುಂಬಿಕೊಂಡು ನಿಂತಿದ್ದವು. ಒಳಗೆ ಗಂಡಸರು ಕಿತ್ತಳೆ ಬಣ್ಣದ ಬೇಟೆ ಅಂಗಿಯಲ್ಲೇ ಕುಳಿತು ಗಡಿಯಾರ ನೋಡುತ್ತಿದ್ದರು. ಸಾರ್ವಜನಿಕರ ಮೊದಲ ಸಾಲಿನಲ್ಲಿ ನನಗೆ ಜಾಗ ಸಿಕ್ಕಿತ್ತು. ನಿಂತವರೇ ನಲವತ್ತು ಜನ!

ಇಬ್ಬರಿಗೂ ಒಂದೇ ಪ್ರಶ್ನೆಗಳು, ಅದೇ ಮಾತಿನಲ್ಲಿ, ಅದು ನಿಯಮ. ಕ್ಯಾಪ್ಟನ್ ಮೊದಲು ಬಂದ. ಪಟಪಟನೆ ಉತ್ತರ, ಒಳ್ಳೆಯ ಗಂಟಲು. ಕೊನೆಯ ಪ್ರಶ್ನೆ ವರ್ನಾಳದು.

"ಬೇಟೆ ಶುರುವಾಗೋ ದಿನ ಎಲ್ಲರಿಗೂ ರಜ ಬೇಕು. ಊರು ಕಾಯೋಕೆ ಯಾರು ಉಳೀಬೇಕು ಅಂತ ನಿಮ್ಮ ಠಾಣೇಲಿ ಯಾರು ಗೊತ್ತು ಮಾಡ್ತಾರೆ? ಹೇಗೆ?"

"ಇದೇನು ವರ್ನಾ, ಅಡುಗೆಮನೆ ಪಾಳಿ ಹಚ್ಚೋ ಹಾಗಿದೆ!" ಎಂದ ಆರ್ಡೆಲ್. ಸಭೆ ನಕ್ಕಿತು.

ಕ್ಯಾಪ್ಟನ್ನೂ ನಕ್ಕ. "ಅದೆಲ್ಲ ಆಫೀಸಿನ ಹುಡುಗಿ ನೋಡ್ಕೊಳ್ತಾಳೆ ಮೇಡಂ."

"ಅವಳ ಹೆಸರು?"

"ಅದು... ಹೊಸದಾಗಿ ಸೇರಿದಾಳೆ."

ನಂತರ ರೋಸಲಿನ್. ಅದೇ ಪ್ರಶ್ನೆ.

"ನಾನೇ ಮೇಡಂ. ಆಗಸ್ಟಿನಲ್ಲೇ ಪಟ್ಟಿ. ಹೋದ ವರ್ಷ ಉಳಿದವರಿಗೆ ಈ ವರ್ಷ ರಜ. ನಮ್ಮ ಠಾಣೆ ಡೇಲನ ಹೆಂಡತಿಗೆ ದಿನ ತುಂಬಿದೆ, ಅವನನ್ನ ಕಾಡಿಗೆ ಕಳ್ಸ್ತಾ ಇಲ್ಲ, ಬೈತಾ ಇದಾನೆ." ಜನ ಗೊಳ್ಳೆಂದರು. "ನಾಳೆ ಬೆಳಿಗ್ಗೆ ನನ್ನದೇ ಪಾಳಿ. ಹನ್ನೊಂದು ವರ್ಷದಿಂದ ನನ್ನದೇ."

ವರ್ನಾ ಬರೆದುಕೊಂಡಳು. ಅಷ್ಟರಲ್ಲಿ ಯಾರೋ ಖಾಲಿ ಲೋಟ ಎತ್ತಿ ತೋರಿಸಿದರು. ರೂಢಿಯಂತೆ ಪಾತ್ರೆ ಹಿಡಿದು ಪಕ್ಕದ ಕೋಣೆಗೆ ಹೋದಳು. ಆರ್ಡೆಲ್ ಆ ಗಳಿಗೆಯಲ್ಲೇ ಮತಕ್ಕೆ ಒಬ್ಬೊಬ್ಬರ ಹೆಸರು ಕೂಗತೊಡಗಿದ, ಅವರು ತಮ್ಮ ಆಯ್ಕೆ ಹೇಳಿದರು. ಹಾಲ್ವರ್. ಪ್ರೂಸಕ್. ಪ್ರೂಸಕ್. ಆರ್ಡೆಲ್‌ನ ಸ್ವಂತ ಮತ ಹಾಲ್ವರ್‌ಗೆ. ಎರಡು, ಎರಡು! 

"ವರ್ನಾದು ನಮ್ ಜೊತೆಗೇ ಅಂತ ಹಾಕ್ಕೊಳ್ಳಿ," ಎಂದ ಆರ್ಡೆಲ್. " ನಡೀರಿ, ಹೊರಡೋಣ."

"ನಾನು ಇಲ್ಲೇ ಇದೀನಿ ಆರ್ಡೆಲ್." ಬಾಗಿಲಲ್ಲಿ ವರ್ನಾ, ಕೈಯಲ್ಲಿ ಖಾಲಿ ಪಾತ್ರೆ. "ನನ್ನ ಹೆಸರು ಕೂಗಿಲ್ಲ ನೀನು."

"ಕಾಫಿ ಏನಾಯ್ತು?"

"ಕಾಸಿಲ್ಲ. ಹೆಸರು ಕೂಗು."

ಅವಳ ಫೋನು ಮೊಳಗಿತು. ಗಂಡ ಮಿಲ್ಟ್‌ನ ದನಿ ಮೂರನೆಯ ಸಾಲಿಗೂ ಕೇಳಿಸಿತು: "ಬೇಟೆಗೆ ಒಯ್ಯೋ ಚಿಲ್ಲಿ ಸಾರು ಎಲ್ಲಿಟ್ಟಿದೀಯ? ಗಾಡೀಲಿ ಎಲ್ಲ ಕಾಯ್ತಾ ಇದಾರೆ!"

"ಮಾಡಿಲ್ಲ. ಬೀನ್ಸು ಕಪಾಟಿನಲ್ಲಿದೆ. ಈರುಳ್ಳಿ ನೀನೇ ಹೆಚ್ಕೋ." ಫೋನಿಟ್ಟಳು.

ಆರ್ಡೆಲ್ ಗಂಟಲು ಸರಿಮಾಡಿಕೊಂಡ. "ವರ್ನಾ ಸ್ಟೆಂಕಾ."

"ಪ್ರೂಸಕ್."

ಕುರ್ಚಿಗಳು ಸದ್ದು ಮಾಡಿದವು, ಹಿಂದಿನವರು ಕೂಗಿದರು, ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ರೋಸಲಿನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ವರ್ನಾ ಪಾತ್ರೆಯನ್ನು ಆರ್ಡೆಲ್‌ನ ಮುಂದಿಟ್ಟು, ಪುಸ್ತಕ ಎಳೆದುಕೊಂಡು ಐದನೆಯ ಮತವನ್ನು ತನ್ನ ಕೈಯಲ್ಲೇ ಬರೆದಳು. ಆಮೇಲೆ ಹೊಸ ಮುಖ್ಯಸ್ಥೆಯ ಕಡೆ ತಿರುಗಿದಳು.

"ನಾಳೆ ಪಾಳಿ?"

"ನನ್ನದೇ," ಎಂದಳು ರೋಸಲಿನ್. "ಪಟ್ಟಿ ಆಗ್ಹೋಗಿದೆಯಲ್ಲ! ಆದ್ರೆ ಮುಂದಿನ ವರ್ಷ ನಾನು ಕಾಡಿಗೆ."