ಟೈಮ್ ಬರೆಯುತ್ತಿದ್ದವರು

ಅವರ ಬಲಗೈಯ ಅಂಗೈ ತಗಡಿನಷ್ಟು ಗಟ್ಟಿಯಾಗಿತ್ತು. ಸಾಗರದ ಖಾಸಗಿ ಬಸ್ ನಿಲ್ದಾಣದಲ್ಲಿ ವರ್ಷಗಟ್ಟಲೆ ಬಸ್ಸುಗಳ ಪಕ್ಕೆಗೆ ಬಡಿದು ಹಾಗಾದದ್ದು. ಒಮ್ಮೆ ಬಡಿದರೆ ಚಾಲಕ ಎಂಜಿನ್ ಶುರುಮಾಡಬೇಕು. ಮತ್ತೊಮ್ಮೆ ಬಡಿದರೆ ಹೊರಡಬೇಕು. ಆ ಎರಡನೆಯ ಬಡಿತವಿಲ್ಲದೆ ಅಲ್ಲಿಂದ ಬಸ್ಸು ಅಲುಗುತ್ತಿರಲಿಲ್ಲ.

ಅವರು ಟೈಮ್ ಕೀಪರ್. ಪ್ರತಿ ಬಸ್ಸು ಬಂದ, ಹೊರಟ ವೇಳೆಯನ್ನು ಉದ್ದನೆಯ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ನಾನು ಹೊಸನಗರದ ಮಹಿಳಾ ಸಂಘಟನೆಯೊಂದರ ಕಚೇರಿಗೆ ಹೋಗಲು ದಿನವೂ ಒಂಬತ್ತೂಮುಕ್ಕಾಲರ ತೀರ್ಥಹಳ್ಳಿ ಬಸ್ಸು ಹತ್ತುತ್ತಿದ್ದೆ. ಹಿಂದೆ ಶಾಲೆಯಲ್ಲಿ ಕಲಿಸಿದ್ದರಿಂದ ಅವರಿಗೆ ನಾನು ಅಕ್ಕೋರು.

ಟೈಮ್ ಎಂಬ ಇಂಗ್ಲಿಷ್ ಪದ ಆ ನಿಲ್ದಾಣದಲ್ಲಿ ಎಷ್ಟೆಲ್ಲ ಕೆಲಸ ಮಾಡುತ್ತಿತ್ತು! ಮಾಲೀಕರಿಗೆ ಅದು ಪರ್ಮಿಟ್ಟಿನ ಜೊತೆ ಬಂದ ಆಸ್ತಿ. 'ಆ ಟೈಮ್ ನಮ್ದು' ಎನ್ನುತ್ತಿದ್ದರು. ಕಂಡಕ್ಟರುಗಳಿಗೆ ಕದಿಯಬಹುದಾದ ವಸ್ತು; ತಮಗಿಂತ ಮುಂದಿರುವ ಬಸ್ಸು ಎರಡು ನಿಮಿಷ ಹೆಚ್ಚು ನಿಂತರೆ 'ನನ್ ಟೈಮ್ ತಿಂತೀಯೇನೋ?' ಎಂದು ಕೊರಳಪಟ್ಟಿಗೆ ಕೈ ಹಾಕುತ್ತಿದ್ದರು. ಜ್ಯೋತಿಷಿಯ ಮನೆಯಿಂದ ಬಂದವರಿಗೆ ಟೈಮೇ ಸರಿ ಇರುತ್ತಿರಲಿಲ್ಲ. ಈ ಟೈಮ್ ಕೀಪರರ ಬಾಯಲ್ಲಿ ಮಾತ್ರ ಆ ಪದಕ್ಕೆ ಯಾರಾದರೊಬ್ಬರು ಅಂಟಿಕೊಂಡೇ ಇರುತ್ತಿದ್ದರು. ಓಡಿಬರುವ ಬಸುರಿಗೆ, "ನಿಧಾನ ಬಾರೇ ತಂಗಿ, ನಿನ್ ಟೈಮ್ ಇನ್ನೂ ಐತೆ." ಗಡಿಯಾರ ನೋಡುತ್ತ ನಿಂತ ನನಗೆ, "ಟೈಮ್ ಎಷ್ಟು ಅಂತ ಕೇಳ್ತೀರಲ್ಲ ಅಕ್ಕೋರೆ, ಯಾರ್ದು ಅಂತಾನೂ ಒಂದ್ಸಲ ಕೇಳಿ."

ಕೇಳಲಿಲ್ಲ. ಆ ಬಸ್ಸು ಕೆಲವು ದಿನ ಹತ್ತು ನಿಮಿಷ ತಡವಾಗಿ ಹೊರಡುತ್ತಿತ್ತು. ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಊರು ಕಳೆದುಕೊಂಡವರ ಕುರಿತು ತೀರ್ಥಹಳ್ಳಿಯಲ್ಲಿ ನಾನು ಮಾತನಾಡಬೇಕಿದ್ದ ಸಭೆಗೆ ಒಂದು ಶುಕ್ರವಾರ ಹೀಗೆಯೇ ತಡವಾಯಿತು. ಮರುದಿನದಿಂದ ನಾನೂ ಒಂದು ನೋಟ್‌ಬುಕ್ ಹಿಡಿದೆ. ಅವರು ಕಂಡು ನಕ್ಕರು.

"ನಾ ಬಸ್ಸಿಂದು ಬರೀತೀನಿ, ನೀವು ನಂದು ಬರೀತೀರಾ?"

ಎರಡು ತಿಂಗಳಲ್ಲಿ ನನ್ನ ನೋಟ್‌ಬುಕ್ಕು ಒಂದು ಸಂಗತಿ ಹೇಳಿತು: ತಡವಾಗುತ್ತಿದ್ದುದು ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಆ ದಿನಗಳಲ್ಲಿ ಅವರ ಹಳೆಯ ಫೋನು ಒಮ್ಮೆ ರಿಂಗಾಗಿ ನಿಲ್ಲುತ್ತಿತ್ತು. ಅವರು ಎತ್ತದೆ ಜೇಬಿಗೆ ಹಾಕಿಕೊಂಡು ಬಸ್ಸಿಗೆ ಒರಗಿ ನಿಲ್ಲುತ್ತಿದ್ದರು. ಅವರ ಪುಸ್ತಕದಲ್ಲಿ ಮಾತ್ರ ಪ್ರತಿದಿನವೂ ಒಂಬತ್ತೂಮುಕ್ಕಾಲು. ಮಂಗಳವಾರ, ಶುಕ್ರವಾರ ದೇವಿಯ ದಿನಗಳು; ಬಸ್ಸು ಕಾಯುವುದು ಗುಡಿಗೆ ಹೋಗಿಬರುವ ಭಕ್ತರಿಗಾಗಿಯೇ ಎಂದುಕೊಂಡೆ. ನನ್ನ ವೈಚಾರಿಕ ಬುದ್ಧಿಗೆ ಮತ್ತೇನೂ ಬೇಕಾಗಲಿಲ್ಲ. ಬಸ್ ಮಾಲೀಕರಿಗೆ ಅರ್ಜಿ ಬರೆದೆ: 'ಮೂಢಭಕ್ತಿಯ ಯಾತ್ರಿಕರಿಗಾಗಿ ದುಡಿಯುವ ಜನರ ಸಮಯವನ್ನು ಕದ್ದು, ದಾಖಲೆಯನ್ನು ತಿದ್ದಲಾಗುತ್ತಿದೆ.' ಆ ವಾಕ್ಯದ ಬಗ್ಗೆ ಹೆಮ್ಮೆಯಿತ್ತು. ಪತ್ರಿಕೆಗೂ ಒಂದು ಪ್ರತಿ ಕಳುಹಿಸಿದ್ದೆ.

ಮಾಲೀಕರು ಇಬ್ಬರನ್ನೂ ಕರೆಸಿದರು.

"ಒಂಬತ್ತೂಮುಕ್ಕಾಲು ಅಂತ ಬರ್ದೀಯಲ್ಲ ಮಾರಾಯ, ಬಸ್ಸು ಆಗ ಹೊರಟಿತ್ತಾ?"

"ಇಲ್ಲ. ಬರ್ದಿದ್ದು ಸುಳ್ಳು."

"ಯಾರಿಗೋಸ್ಕರ ನಿಲ್ಸಿದ್ದೆ?"

"ಬರೋರು ಇದ್ರು." ಅಷ್ಟೇ. ನನ್ನ ಕಡೆ ತಿರುಗಿ, "ನಿಮ್ ಲೆಕ್ಕ ಸರಿಯಾಗೈತೆ ಅಕ್ಕೋರೆ" ಎಂದರು. ಅದರಲ್ಲಿ ವ್ಯಂಗ್ಯವನ್ನು ಹುಡುಕಿದೆ, ಇರಲಿಲ್ಲ. ಅಂದೇ ಅವರ ಕೆಲಸ ಹೋಯಿತು. ಮರುದಿನದಿಂದ ಬಸ್ಸು ಸರಿಯಾದ ವೇಳೆಗೆ ಹೊರಟಿತು.

ಒಂದೂವರೆ ತಿಂಗಳ ನಂತರ ನಮ್ಮ ಕಚೇರಿಗೆ ಒಬ್ಬ ಹೆಂಗಸು ಬಂದಳು. ಹಿನ್ನೀರಿನ ಆಚೆ ದಡದವಳು, ಮುಳುಗಿದ ಊರಿನವರ ಮೊಮ್ಮಗಳು. ಗಂಡನಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಸರದಿ ಸಿಕ್ಕಿದ್ದು ಹೊಸನಗರದಲ್ಲಿ, ಮಂಗಳವಾರ ಮತ್ತು ಶುಕ್ರವಾರ. ಸೇತುವೆಯಾಗುವುದಕ್ಕೆ ಮುಂಚಿನ ಮಾತು ಇದು. ಹಿನ್ನೀರು ದಾಟಿಸುವ ಬೆಳಗಿನ ಮೊದಲ ಲಾಂಚು, ಮಂಜು ಕವಿದರೆ, ಗಾಳಿ ಎದ್ದರೆ ತಡ.

"ಲಾಂಚ್ ತಡ ಆದ ದಿನ ಸಾಗರ ಹತ್ರ ಬರ್ತಿದ್ದ ಹಾಗೆ ಒಂದು ಮಿಸ್ ಕಾಲ್ ಕೊಡ್ತಿದ್ವಿ. ಆ ಟೈಮ್ ಬರೆಯೋ ಅಣ್ಣ ಬಸ್ಸು ಹಿಡಿದಿಡ್ತಿದ್ರು. ಯಾರೋ ಅರ್ಜಿ ಹಾಕಿ ತೆಗೆಸಿದ್ರಂತೆ. ಆ ಪುಣ್ಯಾತ್ಮರಿಗೆ ಏನು ಸಿಕ್ತೋ! ಮೂರು ಸಲ ಬಸ್ ತಪ್ಪಿ ಸರದಿ ಹೋಯ್ತು. ಮುಖ, ಕಾಲು ಎಲ್ಲಾ ಬಾತು ಉಸಿರು ಕಟ್ಟಿತ್ತು. ಈಗ ಎಮ್ಮೆ ಮಾರಿ ಇಲ್ಲೇ ರೂಮ್ ಮಾಡಿದೀವಿ." ಆಮೇಲೆ ಕೇಳಿದಳು: "ಅಣ್ಣನ್ನ ವಾಪಸ್ ತಗೊಳ್ಳಿ ಅಂತ ನೀವೊಂದು ಅರ್ಜಿ ಬರ್ದು ಕೊಡ್ತೀರಾ ಅಕ್ಕೋರೆ?"

ಬರೆದುಕೊಟ್ಟೆ. ಮೊದಲಿನ ಅರ್ಜಿ ನನ್ನದೆಂದು ಅವಳಿಗೆ ಹೇಳಲಿಲ್ಲ. ಮುಳುಗಡೆಯ ಅನ್ಯಾಯವನ್ನು ವೇದಿಕೆಗಳ ಮೇಲೆ ಹೆಸರಿಟ್ಟು ಕರೆದವಳು ನಾನು; ಆ ಹೆಸರಿನ ಜನ ಆಸ್ಪತ್ರೆಯ ಫೈಲು ಎದೆಗೊತ್ತಿಕೊಂಡು ನನ್ನ ಹಿಂದಿನ ಸೀಟಿನಲ್ಲಿ ಕುಳಿತಿದ್ದರು, ನಾನು ತಿರುಗಿ ನೋಡಿರಲಿಲ್ಲ. ಎರಡನೆಯ ಅರ್ಜಿಗೆ ಉತ್ತರ ಬರಲಿಲ್ಲ.

ಟೈಮ್ ಕೀಪರರ ಮನೆಗೆ ಹೋಗಲು ನನಗೆ ಮತ್ತೊಂದು ವರ್ಷ ಬೇಕಾಯಿತು. ಅಷ್ಟರಲ್ಲಿ ಪಾರ್ಶ್ವವಾಯು ಬಡಿದು, ಆ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಹೆಂಡತಿ ಚಹ ತಂದಿಟ್ಟರು.

"ಅವತ್ತು ಯಾಕೆ ಹೇಳಲಿಲ್ಲ?" ಎಂದೆ.

"ಹೇಳಿದ್ರೆ ಎಲ್ಲಾ ಬಸ್ಸಿನವ್ರಿಗೂ ಅವ್ರ ಮುಖ ಗೊತ್ತಾಗ್ತಿತ್ತು. ಆಮೇಲೆ ಇವ್ರಿಂದಲೇ ತಡ ಅಂತ ದೂರದಲ್ಲಿ ಕಂಡ್ರೂ ಬಿಟ್ಟು ಹೋಗೋರು." ಮಾತು ತೊದಲುತ್ತಿತ್ತು. "ಸುಳ್ಳು ಬರ್ದಿದ್ದಂತೂ ಹೌದಲ್ಲ ಅಕ್ಕೋರೆ."

ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಹೇಳಲು ಬಾಯಿ ತೆರೆದೆ. ಅವರು ಗೋಡೆಯ ಗಡಿಯಾರ ನೋಡಿದರು. ಎಡಗೈ ಎತ್ತಿ ಕುರ್ಚಿಯ ಪಕ್ಕೆಗೆ ಒಮ್ಮೆ ಬಡಿದರು.

"ಏಳಿ, ಏಳಿ. ನಾಲ್ಕೂ ಹತ್ತರದ್ದು ಬರೋ ಟೈಮ್. ಅದು ತಪ್ಪಿದ್ರೆ ನಿಮ್ಗೆ ಆರು ಗಂಟೆ ತನಕ ಬಸ್ಸಿಲ್ಲ."

"ಇರಲಿ, ನಾನು..."

"ಹೋಗಿ ಬನ್ನಿ, ಮಾತು ಎಲ್ಲಿಗೆ ಹೋಗ್ತದೆ?" ಎಂದು ಮತ್ತೊಮ್ಮೆ ಬಡಿದರು.

ನಾನು ಎದ್ದೆ. ಬಸ್ಸು ನಾಲ್ಕೂ ಹತ್ತಕ್ಕೆ ಸರಿಯಾಗಿ ಬಂತು. ಇಪ್ಪತ್ತು ದಿನಗಳ ನಂತರ ಅವರು ತೀರಿಕೊಂಡ ಸುದ್ದಿ ನಿಲ್ದಾಣದಲ್ಲೇ ತಿಳಿಯಿತು. ಆ ನಾಲ್ಕೂ ಹತ್ತರ ಬಸ್ಸು ಬಿಟ್ಟು ಎರಡು ಗಂಟೆ ಕಾಯುವುದು ನನ್ನಿಂದ ಆಗದ ಕೆಲಸವಾಗಿರಲಿಲ್ಲ.