ಒಗೆಯುವ ಕಲ್ಲಿಗೆ ಸಲೈನ್

ಮೊನ್ನೆ ಭಾನುವಾರ, ಮೇ ತಿಂಗಳ ಉರಿಬಿಸಿಲಿನಲ್ಲಿ, ನಮ್ಮ ಬಾಣಸವಾಡಿಯ ಫ್ಲ್ಯಾಟಿಗೆ ಪಾರಿವಾಳದ ಬಲೆ ಕಟ್ಟುವವನು ಬಂದಿದ್ದ. ಹೆಗಲಿನಿಂದ ಹಸಿರು ನೈಲಾನಿನ ಸುರುಳಿಯನ್ನು ಇಳಿಸಿ ಬಾಲ್ಕನಿಯ ತುಂಬ ಹರಡಿದ. ಹೊಸ ನೈಲಾನಿಗೊಂದು ವಾಸನೆ ಇರುತ್ತದೆ, ನೀವೂ ಗಮನಿಸಿರಬಹುದು. ಮೊದಲ ಮಳೆಗೆ ಬಿಚ್ಚಿದ ಹೊಸ ಛತ್ರಿಯ ವಾಸನೆ. ಅದನ್ನು ಮೂಸುತ್ತ, ಡ್ರಿಲ್ ಮಾಡುವಾಗ ಗೋಡೆಯೊಳಗಿನ ಕರೆಂಟಿನ ವೈರಿಗೆ ತಗುಲಿದರೆ ಏನು ಗತಿ ಎಂದು ನಾನು ಯೋಚಿಸುತ್ತಿರುವಾಗಲೇ ಆತ ಕೇಳಿದ: "ಸಾರ್, ಜಾಲ ಒಳಗಿಂದ ಕಟ್ಲಾ, ಹೊರಗಿಂದ ಕಟ್ಲಾ?"

ಬಲೆ ಎನ್ನಲಿಲ್ಲ, ನೆಟ್ ಎನ್ನಲಿಲ್ಲ. ಜಾಲ ಎಂದ. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಕಿಸಕ್ಕನೆ ನಕ್ಕದ್ದು ಬಾಲ್ಕನಿಗೆ ಕೇಳಿಸಿತು. ಕೆಲವು ಮನೆಗಳಲ್ಲಿ ಕೆಲವು ನೆಂಟರ ಹೆಸರನ್ನು ಯಾರೂ ಎತ್ತುವುದಿಲ್ಲವಲ್ಲ, ಹಾಗೆ ಅವಳ ಎದುರು ನಾನು ಎಷ್ಟೋ ವರ್ಷದಿಂದ ಎತ್ತದ ಪದ ಅದು.

ನಾನು ಚಿಂತೆ ಮಾಡುವ ಮನುಷ್ಯ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಶಿವಾಜಿನಗರದ ಒಂದು ವಿಮಾ ಕಚೇರಿಯಲ್ಲಿ ಕೆಲಸ. ಯಾವುದು ಹೇಗೆ ಬೀಳಬಹುದು, ಯಾವುದಕ್ಕೆ ಹೇಗೆ ಬೆಂಕಿ ಹತ್ತಬಹುದು ಎಂದು ಬರೆದಿರುವ ಕಾಗದಗಳನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಓದುತ್ತೇನೆ. ಈ ಕೆಲಸದಿಂದ ಚಿಂತೆ ಹತ್ತಿತೋ, ಚಿಂತೆಯಿದ್ದವನೆಂದು ಕೆಲಸ ಕೊಟ್ಟರೋ ಹೇಳಲಾರೆ. ಬಸ್ಸಿನಲ್ಲಿ ಎಮರ್ಜೆನ್ಸಿ ಬಾಗಿಲ ಪಕ್ಕದ ಸೀಟನ್ನೇ ಹಿಡಿಯುತ್ತೇನೆ. ಕೂತ ಮೇಲೆ, ಅದು ತಾನಾಗಿ ತೆರೆದುಕೊಂಡುಬಿಟ್ಟರೆ ಎಂದು ಎದ್ದು ಬೇರೆ ಕಡೆ ಹೋಗುತ್ತೇನೆ. ಇಂಥವನ ತಲೆಯ ಮೇಲೆ ಒಮ್ಮೆ ಅಂತರರಾಷ್ಟ್ರೀಯ ಮಟ್ಟದ ಜವಾಬ್ದಾರಿ ಬಂದು ಬಿದ್ದಿತ್ತು.

ಆಗ ನಾವು ಕುಕ್ ಟೌನಿನಲ್ಲಿ ಸ್ಟೆಲ್ಲಾ ಮಿಸ್ ಅವರ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ಮಿಸ್ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಮನೆಮಾತು ತಮಿಳು, ಬೈಯುವುದು ಇಂಗ್ಲಿಷಿನಲ್ಲಿ, ನಮ್ಮ ಹತ್ತಿರ ಕನ್ನಡ. ಗಂಡಸರನ್ನೆಲ್ಲ, ಪೋಸ್ಟ್‌ಮ್ಯಾನಿನಿಂದ ಹಿಡಿದು ಪಾದ್ರಿಯವರೆಗೆ, 'ಮ್ಯಾನ್' ಎಂದು ಕರೆಯುತ್ತಿದ್ದರು. ಪಾದ್ರಿಗಳು ಅವರ ಹಳೆಯ ವಿದ್ಯಾರ್ಥಿಯೇ ಆದ್ದರಿಂದ ಏನೂ ಅನ್ನುವಂತಿರಲಿಲ್ಲ.

ಹಿತ್ತಲಿನಲ್ಲಿ ಒಂದು ಒಗೆಯುವ ಕಲ್ಲಿತ್ತು. ತಾರಸಿಯ ಟ್ಯಾಂಕಿನಿಂದ ಇಳಿಯುವ ಪೈಪಿನ ಜಾಯಿಂಟು ಸೋರಿ ಅದರ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಟಪ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಟಪ್. ಆ ನೀರು ಕಲ್ಲಿನಿಂದಿಳಿದು, ಎಲೆ ಕಟ್ಟಿಕೊಂಡಿದ್ದ ಮೋರಿಯ ಬಾಯಲ್ಲಿ ಒಂದು ಮೊರದಗಲ ನಿಲ್ಲುತ್ತಿತ್ತು. ಸುತ್ತ ಪಾಚಿ, ಪಾಚಿಯಲ್ಲಿ ಹುಳ. ನನ್ನ ಹೆಂಡತಿಗೆ ಅದು ಸೊಳ್ಳೆ ಹುಟ್ಟುವ ಜಾಗ, ನನಗೆ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುವ ಜಾಗ. ಮಿಸ್‌ಗೆ ಮಾತ್ರ ಅದು ವೆಟ್‌ಲ್ಯಾಂಡ್.

ಏಕೆಂದರೆ ಪ್ರತಿವರ್ಷ ಗಾಂಧಿ ಜಯಂತಿಯ ಆಚೀಚೆ ಅಲ್ಲಿಗೆ ಒಂದು ಹಕ್ಕಿ ಬರುತ್ತಿತ್ತು. ಗುಬ್ಬಿಗಿಂತ ತುಸು ಉದ್ದ, ಬೂದು ಬೆನ್ನು, ಹಳದಿ ಹೊಟ್ಟೆ. ಬಾಲವನ್ನು ಒಂದು ಕ್ಷಣವೂ ಸುಮ್ಮನಿಡದೆ ಮೇಲೆ ಕೆಳಗೆ ಆಡಿಸುತ್ತ, ಕಲ್ಲಿನ ಮೇಲೆ ತಪಾಸಣೆಗೆ ಬಂದ ಅಧಿಕಾರಿಯ ಹಾಗೆ ಓಡಾಡುವುದು. ಹಿಮಾಲಯದ ಆಚೆಯಿಂದ ಬರುತ್ತದೆ, ಬೇಸಿಗೆಗೆ ವಾಪಸು ಹೋಗುತ್ತದೆ ಎಂದು ಮಿಸ್ ವಿವರಿಸಿ, ಇದಕ್ಕೆ ಕನ್ನಡದಲ್ಲಿ ಏನಂತಾರೆ ಎಂದು ಕೇಳಿದರು. ನನಗೆ ಗೊತ್ತಿತ್ತು. ಕುಂಡೆಕುಸ್ಕ. ಆದರೆ ನಿವೃತ್ತ ಟೀಚರೊಬ್ಬರ ಎದುರು, ಅದೂ ಓನರ್ ಎದುರು, ಆ ಪದವನ್ನು ಬಾಯಿಂದ ಹೊರಡಿಸುವುದು ಹೇಗೆ? "ಸಿಪಿಲೆ ಅಂತಾರೆ ಮಿಸ್" ಎಂದೆ. ಅದೂ ಸರಿಯಾದ ಹೆಸರೇ. ಮಿಸ್‌ಗೆ ಸಮಾಧಾನವಾಗಲಿಲ್ಲ. "ಇಂಗ್ಲಿಷ್ ಹೆಸರಲ್ಲಿ ಬಾಲ ಇದೆ, ಇದ್ರಲ್ಲಿ ಎಲ್ಲಿದೆ?" ಎಂದರು. ಬೇಕಾದದ್ದು ಇನ್ನೊಂದು ಹೆಸರಿನಲ್ಲಿದೆ ಎಂದು ನಾನು ಹೇಳಲಿಲ್ಲ.

ಒಂದು ವರ್ಷ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಎಲ್ಲಿಂದಲೋ ಒಂದು ಫಾರಂ ಕಳಿಸಿದಳು. ಹಕ್ಕಿಗಳು ಹೋಗಿಬರುವ ದಾರಿಯುದ್ದಕ್ಕೂ, ದೇಶದಿಂದ ದೇಶಕ್ಕೆ, ಅವು ಇಳಿಯುವ ಕೆರೆ, ಜೌಗು, ಕಾಡುಗಳನ್ನು ಒಂದಕ್ಕೊಂದು ಸೇರಿಸಿ ಕಾಪಾಡುವ ಸಂಸ್ಥೆಯಂತೆ. ಮಿಸ್ ಮೂರು ದಿನ ಕೂತು ಫಾರಂ ತುಂಬಿ, ಅದನ್ನು ಕಾಲಮ್ಮು ಸಮೇತ ತಮ್ಮ ರಿಜಿಸ್ಟರಿಗೂ ಇಳಿಸಿಕೊಂಡರು. ತಾಣದ ವಿಸ್ತೀರ್ಣವನ್ನು ಹೆಕ್ಟೇರಿಗೆ ತಿರುಗಿಸುವ ಕೆಲಸ ನನ್ನದು. ಆರಡಿ ಉದ್ದ, ನಾಲ್ಕಡಿ ಅಗಲ. ಕ್ಯಾಲ್ಕುಲೇಟರ್ ಒತ್ತಿ, ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ಸೊನ್ನೆ ಎರಡು ಎರಡು ಎಂದು ಓದಿದೆ. ನನಗೇ ನಾಚಿಕೆಯಾಯಿತು. ಮಿಸ್‌ಗೆ ಆಗಲಿಲ್ಲ. "ಕೊನೇಲಿ ಎರಡು ಬಂತಲ್ಲ ಮ್ಯಾನ್, ಸಾಕು" ಎಂದರು. ತಾಣಕ್ಕಿರುವ ಅಪಾಯಗಳು ಎಂಬ ಕಾಲಮ್ಮಿನಲ್ಲಿ ಅವರು ಬರೆದದ್ದನ್ನು ಓರೆಗಣ್ಣಿನಲ್ಲಿ ಓದಿದೆ: ಬೆಕ್ಕು, ಸೋಪಿನ ಪುಡಿ, ಬಾಡಿಗೆದಾರ.

ಉತ್ತರ ಕೂಡಲೇ ಬಂತು. ಕಂಪ್ಯೂಟರು ತಾನಾಗಿ ಕಳಿಸುವ ಪತ್ರವನ್ನು ನಾನು ಮುಖ ನೋಡಿಯೇ ಗುರುತು ಹಿಡಿಯುತ್ತೇನೆ, ದಿನವೂ ಅಂಥವನ್ನೇ ಕಳಿಸುವ ಕಚೇರಿಯವನು. ಅರ್ಜಿ ತಲುಪಿದೆ, ಪರಿಶೀಲನೆಯಲ್ಲಿದೆ, ಅಲ್ಲಿಯವರೆಗೆ ತಾಣವನ್ನು ಈಗಿರುವ ಸ್ಥಿತಿಯಲ್ಲೇ ಕಾಪಾಡಿಕೊಂಡು ಬರಬೇಕಾಗಿ ಕೋರಿಕೆ. ಮಿಸ್ ಆ ಕೊನೆಯ ಸಾಲಿನ ಕೆಳಗೆ ಸ್ಕೇಲಿಟ್ಟು ಕೆಂಪು ಗೆರೆ ಎಳೆದರು. ಅಂದಿನಿಂದ ಪೈಪನ್ನು ಮುಟ್ಟುವಂತಿಲ್ಲ, ಮೋರಿಯ ಎಲೆ ತೆಗೆಯುವಂತಿಲ್ಲ, ಅಕ್ಟೋಬರಿನಿಂದ ಮಾರ್ಚಿನವರೆಗೆ ಕಲ್ಲಿನ ಮೇಲೆ ಬಟ್ಟೆ ಒಗೆಯುವಂತಿಲ್ಲ. ಬಾಡಿಗೆ ಕರಾರಿನಲ್ಲೂ ಒಂದು ಸಾಲು ಹೆಚ್ಚಿತು. ನನ್ನ ಹೆಂಡತಿ ಹಾವೇರಿಯವಳು, ಮಾತನ್ನು ಮಡಚಿಡುವವಳಲ್ಲ. "ಕಲ್ಲು ನಮಗ ಆರು ತಿಂಗಳು, ಹಕ್ಕಿಗೆ ಆರು ತಿಂಗಳು. ಬಾಡಿಗಿ ಮಾತ್ರ ನಾವೊಬ್ರ ಕೊಡೂದು" ಎಂದಳು. ವಾಷಿಂಗ್ ಮಷೀನ್ ಬಂತು.

ಆಮೇಲೆ ಕಲ್ಲಿನ ಪಕ್ಕಕ್ಕೊಂದು ಬೋರ್ಡು. ಬೋರ್ಡೆಂದ ಮೇಲೆ ಕನ್ನಡದಲ್ಲಿರಬೇಕು ಎಂದು ಮಿಸ್ ನನ್ನನ್ನು ಕರೆಸಿದರು. ಸಂಸ್ಥೆಯ ಹೆಸರಿನಲ್ಲಿದ್ದ ನೆಟ್‌ವರ್ಕ್ ಎನ್ನುವುದಕ್ಕೆ ಕನ್ನಡ ಬೇಕಿತ್ತು. ಹಾಗೆಯೇ ಬಿಟ್ಟಿದ್ದರೆ ನನ್ನ ಬಾಳು ಬೇರೆಯೇ ಇರುತ್ತಿತ್ತು. ಆದರೆ ಭಾಷೆಯ ವಿಷಯದಲ್ಲಿ ಯಾರಾದರೂ ನನ್ನನ್ನು ಕೇಳುವುದೇ ಅಪರೂಪ. ಉಬ್ಬಿ ಹೋಗಿ 'ಜಾಲ' ಎಂದೆ, ಮೀನಿನ ಬಲೆಗೂ ಅದೇ ಪದ ಎಂದು ವ್ಯಾಖ್ಯಾನವನ್ನೂ ಕೊಟ್ಟೆ. ಮಿಸ್ ಅದನ್ನು ರಿಜಿಸ್ಟರಿನ ಅಂಚಿಗೆ ಬರೆದುಕೊಂಡು, "ಕರೆಕ್ಟ್. ಒಂದು ಗಂಟು ಬಿಚ್ಚಿದ್ರೆ ಅಲ್ಲಿಂದಲೇ ಎಲ್ಲಾ ಹೋಗ್ಬಿಡತ್ತೆ. ನಾವು ಒಂದು ಗಂಟು" ಎಂದರು. ಮನೆಗೆ ಬಂದು ಹೆಂಡತಿಯ ಎದುರು ಅವರ ಹಾಗೇ ಅಣಕಿಸಿ ಹೇಳಬೇಕೆಂದಿದ್ದೆ. ಯಾಕೋ ಹೇಳಲಿಲ್ಲ. ಹಲಸೂರಿನ ಪೇಂಟರೊಬ್ಬ ಹಸಿರು ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದುಕೊಟ್ಟ: 'ಅಂತರರಾಷ್ಟ್ರೀಯ ಸಂರಕ್ಷಣಾ ಜಾಲ'. ಕೆಳಗೆ ಸಣ್ಣಗೆ, 'ಘಟಕ: ಒಗೆಯುವ ಕಲ್ಲು'.

ಅನಾಹುತವಾದದ್ದು ಮುಂದಿನ ಸೆಪ್ಟೆಂಬರಿನಲ್ಲಿ. ಮಿಸ್ ತಂಗಿಯ ಮನೆಗೆಂದು ಕೆಜಿಎಫ್‌ಗೆ ಹೋಗಿದ್ದರು. ನಮ್ಮ ಅಡುಗೆಮನೆಯ ನಲ್ಲಿ ಕೆಟ್ಟು, ಶಿವಾಜಿನಗರದಿಂದ ಮುನೀರ್ ಭಾಯ್ ಎಂಬ ಪ್ಲಂಬರನ್ನು ಕರೆತಂದೆ. ನಲ್ಲಿ ಸರಿಮಾಡಿ ಹಿತ್ತಲಿಗೆ ಹೋದವರು ಸೋರುವ ಜಾಯಿಂಟನ್ನು ನೋಡಿ, ಇದನ್ನೂ ನೋಡಲಾ ಎಂದರು. ನಾನು ಬೇಡ ಎನ್ನಬೇಕಿತ್ತು. ಆದರೆ ಗೋಡೆಯ ತೇವ ನೆನಪಾಯಿತು, ಡೆಂಗಿ ನೆನಪಾಯಿತು, ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ತಲೆ ಅಲ್ಲಾಡಿಸಿದೆ. ನಾವು ತಲೆ ಅಲ್ಲಾಡಿಸುವುದು ನಿಮಗೆ ಗೊತ್ತಲ್ಲ, ಹೌದೂ ಆಗುತ್ತದೆ, ಇಲ್ಲವೂ ಆಗುತ್ತದೆ. ತಪ್ಪನ್ನು ಅರ್ಧ ಮುನೀರ್ ಭಾಯ್ ಮೇಲೆ ಹಾಕುವ ಉಪಾಯ ಅದು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಕಚೇರಿಯಿಂದ ಬಂದ ಫೋನು ಮುಗಿಸಿ ಹಿತ್ತಲಿಗೆ ಬಂದರೆ ಜಾಯಿಂಟು ಒಣಗಿತ್ತು. ಮೋರಿಯ ಎಲೆಯೆಲ್ಲ ಮಾಯ. ಅದರ ಬಾಯಿಗೆ ಫಳಫಳ ಹೊಳೆಯುವ, ತೂತು ತೂತಿನ ಸ್ಟೀಲ್ ಮುಚ್ಚಳ; ಪ್ಲಂಬರುಗಳು ಜಾಲಿ ಎನ್ನುತ್ತಾರಲ್ಲ, ಅದು.

"ಬೋರ್ಡ್ ನೋಡ್ದೆ ಸಾರ್" ಎಂದರು ಮುನೀರ್ ಭಾಯ್. "ಇಂಟರ್‌ನ್ಯಾಷನಲ್ ಜಾಲಿ ಬೇಕು ಅಂತ ಬರ್ಸಿದೀರ. ಅಷ್ಟು ದೊಡ್ಡದು ನಮ್ಹತ್ರ ಇಲ್ಲ. ಇದೂ ಚೆನ್ನಾಗೇ ಇರ್ತದೆ, ಜಿರಲೆ ಬರಲ್ಲ. ಫಿಕರ್ ನಕ್ಕೋ, ಚಿಂತೆ ಬೇಡ."

ನೆಟ್‌ವರ್ಕ್ ಎಂದೇ ಬರೆಸಿದ್ದರೆ ಹೆಚ್ಚೆಂದರೆ ಫೋನೆತ್ತಿ ಹಿಡಿದು ಸಿಗ್ನಲ್ ನೋಡುತ್ತಿದ್ದರು. ಮೊದಲಿನ ಹಾಗೇ ಸೋರುವಂತೆ ಮಾಡಿಕೊಡಿ ಎಂದು ಬೇಡಿಕೊಂಡೆ. ಮುನೀರ್ ಭಾಯ್ ನನ್ನನ್ನು ಬಹಳ ಹೊತ್ತು ನೋಡಿ, "ಸೋರೋ ಹಂಗೆ ಮಾಡಕ್ಕೆ ಬರಲ್ಲ ಸಾರ್, ಅದು ತಾನೇ ಸೋರ್ಬೇಕು" ಎಂದು ಚೀಲ ಎತ್ತಿಕೊಂಡು ಹೋದರು. ನಾನೇ ಸ್ಪ್ಯಾನರ್ ಹಿಡಿದು ಜಾಯಿಂಟನ್ನು ಸಡಿಲಿಸಲು ನೋಡಿದೆ. ಒಂದೋ ಹನಿಯೂ ಇಲ್ಲ, ಇಲ್ಲವೇ ನಾನು ಬಟ್ಟೆ ಸಮೇತ ಸ್ನಾನ.

ಮಿಸ್ ಬಂದರು. ಮಂಡಿನೋವಿನಿಂದ ಹಿತ್ತಲಿಗೆ ಇಳಿಯುತ್ತಿರಲಿಲ್ಲ, ಹಿಂದಿನ ಕಿಟಕಿಯಲ್ಲಿ ಕೂತು ನೋಡುತ್ತಿದ್ದರು. ಅಲ್ಲಿಂದ ಕಲ್ಲು ಕಾಣುತ್ತದೆ, ಪೈಪು ಕಾಣುವುದಿಲ್ಲ. ಯಾಕೆ ಒಣಗಿದೆ ಎಂದರು. ಬಿಸಿಲು ಎಂದೆ. ಗಾಂಧಿ ಜಯಂತಿ ಬಂತು, ಹೋಯಿತು. ಹಕ್ಕಿ ಬರಲಿಲ್ಲ. ತೊಡೆಯ ಮೇಲೆ ರಿಜಿಸ್ಟರು ತೆರೆದಿಟ್ಟುಕೊಂಡು ಮಿಸ್ ಬೆಳಿಗ್ಗೆಯಿಂದ ಕಿಟಕಿ ಬಿಟ್ಟು ಏಳುತ್ತಿರಲಿಲ್ಲ. ಐದನೆಯ ದಿನ ನಾನು ಕಚೇರಿಗೆ ಹೊರಟಾಗ ಅವರ ಕಾಫಿ ಕೆನೆಗಟ್ಟಿ ಹಾಗೇ ಇತ್ತು. "ಅಷ್ಟು ಚಿಕ್ಕ ಜೀವ ಮ್ಯಾನ್. ದಾರೀಲಿ ಏನೋ ಆಗ್ಬಿಟ್ಟಿದೆ" ಎಂದರು. ದಾರಿಯಲ್ಲಿ ಏನೂ ಆಗಿಲ್ಲ ಮಿಸ್, ಆದದ್ದು ಇಲ್ಲೇ, ಹತ್ತಡಿ ದೂರದಲ್ಲಿ, ಎನ್ನುವ ಬದಲು ಬಸ್ಸಿಗೆ ಹೊತ್ತಾಯಿತು ಎಂದು ಹೊರಟೆ.

ಅಂದು ಕಚೇರಿಯಿಂದ ಬರುವಾಗ ಕೋಲ್ಸ್ ರಸ್ತೆಯ ಔಷಧಿ ಅಂಗಡಿಯಲ್ಲಿ ಒಂದು ಸಲೈನ್ ಬಾಟಲಿ, ಟ್ಯೂಬು, ಹನಿ ಎಣಿಸುವ ಕ್ಲಿಪ್ಪು ಕೊಂಡೆ. ಪೇಷೆಂಟಿಗೆ ವಯಸ್ಸೆಷ್ಟು ಎಂದು ಅಂಗಡಿಯಾಕೆ ಕೇಳಿದಳು. ಕಲ್ಲಿನ ವಯಸ್ಸು ನನಗೇನು ಗೊತ್ತು? ತುಂಬಾ ವಯಸ್ಸಾಗಿದೆ ಎಂದೆ. ಹಾಗಾದರೆ ನಿಧಾನಕ್ಕೆ ಬಿಡಿ, ಜೋರಾಗಿ ಬಿಟ್ಟರೆ ಚಳಿ ಹತ್ತುತ್ತದೆ ಎಂದು ಕಾಳಜಿಯಿಂದ ಹೇಳಿದಳು.

ಮೋರಿಯ ಜಾಲಿಗೆ ನನ್ನ ಹಳೆಯ ಬನಿಯನ್ ತುರುಕಿದೆ. ಸಲೈನ್ ಚೆಲ್ಲಿ, ಬಾಟಲಿಗೆ ನೀರು ತುಂಬಿ, ಬಟ್ಟೆ ಒಣಹಾಕುವ ಕಂಬಕ್ಕೆ ನೇತುಹಾಕಿ ಕ್ಲಿಪ್ಪನ್ನು ತಿರುಗಿಸುತ್ತ ಕೂತೆ. ಟಪ್. ಇಲ್ಲ, ಬೇಗ ಆಯಿತು. ಟಪ್. ಇನ್ನೂ ಸ್ವಲ್ಪ ತಡವಾಗಿ ಬೀಳಬೇಕು. ಮೂರು ವರ್ಷ ಶಪಿಸಿದ್ದ ಆ ಸದ್ದು ನನಗೆ ಬಾಯಿಪಾಠವಾಗಿತ್ತು ಎಂದು ಗೊತ್ತಾದದ್ದು ಆಗಲೇ. ಹೆಂಡತಿ ಬಂದು ನಿಂತಳು. "ಕಲ್ಲಿಗೆ ಸಲಾಯಿನ್ ಹಚ್ಚೀರಿ? ಮಂದಿ ನೋಡಿದ್ರ ನಿಮಗ ಹಚ್ತಾರ." ಬೆಳಿಗ್ಗೆ, ಸಂಜೆ ಬಾಟಲಿ ತುಂಬುತ್ತಿದ್ದೆ. ಮಧ್ಯಾಹ್ನದ ಬಾಟಲಿಯನ್ನು ಯಾರು ತುಂಬುತ್ತಿದ್ದರು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆಯುಧಪೂಜೆಯ ದಿನ ಸ್ಕೂಟರಿಗೆ, ವಾಷಿಂಗ್ ಮಷೀನಿಗೆ ಕುಂಕುಮವಿಟ್ಟು ಬಂದವಳು, ಒಂದು ಕ್ಷಣ ನಿಂತು, ಸಲೈನಿನ ಕ್ಲಿಪ್ಪಿಗೂ ಒಂದು ಬೊಟ್ಟಿಟ್ಟಳು.

ಮಾರನೆಯ ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಲಿಗೆ ಬಂದರೆ, ಕಲ್ಲಿನ ಮೇಲೆ ಅಧಿಕಾರಿಗಳು ಹಾಜರು. ಬೂದು ಬೆನ್ನು, ಹಳದಿ ಹೊಟ್ಟೆ, ಹಿಂಭಾಗದಲ್ಲಿ ಎಂದಿನ ಕೆಲಸ.

"ಮಿಸ್, ಕುಂಡೆಕುಸ್ಕ ಬಂತು!"

ಬೀದಿಗೆಲ್ಲ ಕೇಳುವಂತೆ ಕೂಗಿದ್ದೆ. ಬಾಯಲ್ಲಿ ಪೇಸ್ಟು ಬೇರೆ. ಮಿಸ್ ಕೋಲೂರಿಕೊಂಡು ಹಿತ್ತಲಿಗೇ ಇಳಿದು ಬಂದರು. ಹಕ್ಕಿಯನ್ನು ನೋಡಿದರು, ಬಹಳ ಹೊತ್ತು. ಆಮೇಲೆ ಮೇಲೆ ನೋಡಿದರು: ಬಾಟಲಿ, ಟ್ಯೂಬು, ಕುಂಕುಮವಿಟ್ಟ ಕ್ಲಿಪ್ಪು. ಒಣ ಪೈಪನ್ನೂ ನೋಡಿದರು. ಮನೆ ಖಾಲಿ ಮಾಡಿ ಎನ್ನುತ್ತಾರೆಂದು ನಾನು ಆಗಲೇ ಮನಸ್ಸಿನಲ್ಲಿ ಪಾತ್ರೆ ಕಟ್ಟಲು ಶುರುಮಾಡಿದ್ದೆ.

"ಒಳಗಿರೋದು ಕಾವೇರಿನಾ, ಬೋರ್‌ವೆಲ್ಲಾ?"

"ಕಾವೇರಿ, ಮಿಸ್."

"ಗುಡ್. ಬೋರ್ ನೀರು ಹಾಕ್ಬೇಡಿ, ಉಪ್ಪು." ಹೊರಡಲು ತಿರುಗಿದವರು ನಿಂತರು. "ಈಗ ಏನೋ ಹೆಸರು ಕೂಗಿದ್ರಲ್ಲ. ಇನ್ನೊಂದ್ಸಲ ಹೇಳಿ." ನೆಲ ನೋಡುತ್ತ ಹೇಳಿದೆ. ಅರ್ಥವನ್ನೂ ಹೇಳಬೇಕಾಯಿತು. ಮಿಸ್ ಹಕ್ಕಿಯನ್ನೊಮ್ಮೆ ನೋಡಿ, ತಾಳೆ ಹಾಕಿ, "ಇದು ಸೈನ್ಸ್" ಎಂದರು.

ಸಂಜೆ ಬಾಡಿಗೆ ಕೊಡಲು ಹೋದಾಗ ರಿಜಿಸ್ಟರು ಮೇಜಿನ ಮೇಲೆ ತೆರೆದೇ ಇತ್ತು. ಅಪಾಯಗಳು ಎಂಬ ಕಾಲಮ್ಮಿನಲ್ಲಿ ಬೆಕ್ಕು ಮತ್ತು ಸೋಪಿನ ಪುಡಿ ಉಳಿದಿದ್ದವು. ಬಾಡಿಗೆದಾರ ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದ ಕಾಲಮ್ಮಿನಲ್ಲಿ, ನೀರಿನ ಮೂಲ ಎಂಬಲ್ಲಿ ಬರೆದಿದ್ದರು. ಕಚೇರಿಯಲ್ಲಿ ನನಗೆ ಎರಡು ಬಡ್ತಿ ಸಿಕ್ಕಿವೆ. ಎರಡನ್ನೂ ಯಾರಿಗೂ ಹೇಳಿಕೊಂಡಿಲ್ಲ.

ಬಾಣಸವಾಡಿಗೆ ಬರುವಾಗ ಮಿಸ್‌ಗೆ ಹೇಗೆ ಹೇಳುವುದೆಂದು ಒಂದು ತಿಂಗಳು ಒದ್ದಾಡಿದೆ. ಅವರೋ ಖುಷಿಪಟ್ಟರು. "ಒಂದೇ ಗಂಟಿದ್ರೆ ಅದು ಜಾಲ ಅಲ್ಲ ಮ್ಯಾನ್. ಈಗ ಎರಡಾಯ್ತು." ನಮ್ಮ ಜಾಗಕ್ಕೆ ಬಂದವರು ಒಬ್ಬ ನರ್ಸಮ್ಮ, ಸಲೈನು ನನಗಿಂತ ಚೆನ್ನಾಗಿ ನಡೆಯುತ್ತಿದೆಯಂತೆ. ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ. ಪ್ರತಿ ಅಕ್ಟೋಬರಿನಲ್ಲಿ ಮಿಸ್ ಫೋನ್ ಮಾಡುತ್ತಾರೆ. ನಿಮ್ಮ ಕಡೆ ಬಂತಾ ಎನ್ನುತ್ತಾರೆ. ಇನ್ನೂ ಇಲ್ಲ ಎನ್ನುತ್ತೇನೆ. ನೀರಿದೆಯಾ ಎನ್ನುತ್ತಾರೆ. ಇದೆ ಎನ್ನುತ್ತೇನೆ. ನಾಲ್ಕನೇ ಮಹಡಿಯ ಟೈಲ್ಸ್ ಹಾಕಿದ ಬಾಲ್ಕನಿಯಲ್ಲಿ ಎಲ್ಲಿಯ ನೀರು? ಸುಳ್ಳು ಹೇಳುತ್ತಿದ್ದೆ.

ಬಲೆಯವನು ಮೂರು ಬದಿ ಕಟ್ಟಿ ಮುಗಿಸಿ ನಾಲ್ಕನೆಯದಕ್ಕೆ ಬಂದ. ಆ ಮೂಲೆಯಲ್ಲಿ ಎಸಿಯ ಪೈಪಿನಿಂದ ನೀರು ತೊಟ್ಟಿಕ್ಕುತ್ತದೆ. ಮೆಕ್ಯಾನಿಕ್ಕನ್ನು ಕರೆಸಿ ಎಂದು ಹೆಂಡತಿ ಹೇಳಿ ಮೂರು ವಾರವಾಗಿದೆ. ಈ ಬಿಸಿಲಿನಲ್ಲೂ ಅಲ್ಲೊಂದು ಮೊರದಗಲ ಒದ್ದೆ, ಅಂಚಿಗೆ ಹಸಿರು.

"ಇದಕ್ಕೊಂದು ಟೇಪ್ ಸುತ್ತಿಬಿಡ್ಲಾ ಸಾರ್? ಸುಮ್ನೆ ಸೋರ್ತಿದೆ" ಎಂದ. ಬೇಡ ಎಂದೆ. ತಲೆ ಅಲ್ಲಾಡಿಸಲಿಲ್ಲ, ಬಾಯಿ ಬಿಟ್ಟೇ ಹೇಳಿದೆ, ಸ್ವಲ್ಪ ಜೋರಾಗಿಯೇ. ಆತ ಗಾಬರಿಯಾಗಿ ನೋಡಿದ್ದಕ್ಕೆ, "ಯಾರೋ ಬರೋರಿದ್ದಾರೆ" ಎಂದೆ.

"ಯಾವಾಗ ಸಾರ್?"

"ಅಕ್ಟೋಬರ್‌ನಲ್ಲಿ. ಹಿಮಾಲಯದ ಕಡೆಯಿಂದ."

ಯಾರೋ ಸ್ವಾಮಿಗಳೆಂದುಕೊಂಡನೋ ಏನೋ, ಹೆಚ್ಚು ಕೇಳಲಿಲ್ಲ. ಈ ಮೂಲೆಗೆ ಗಂಟು ಹಾಕುವುದಿಲ್ಲ, ಕೊಕ್ಕೆ ಕೊಡುತ್ತೇನೆ, ಬೇಕಾದಾಗ ಬಿಚ್ಚಿಕೊಳ್ಳಿ ಎಂದು ಭಕ್ತಿಯಿಂದಲೇ ಕೆಲಸ ಮುಗಿಸಿದ. ಅವನು ಹೋದ ಮೇಲೆ ಹೆಂಡತಿ ಬಂದು, ಬಟ್ಟೆ ಒಣಹಾಕುವ ಸ್ಟ್ಯಾಂಡನ್ನು ಎಳೆದು ಆಚೆ ಮೂಲೆಗಿಟ್ಟಳು. ನಾನು ಮಿಸ್‌ಗೆ ಫೋನ್ ಮಾಡಿದೆ. ಮೇ ತಿಂಗಳಲ್ಲಿ ನಾನೇ ಮಾಡಿದ್ದು ಇದೇ ಮೊದಲು. ನೀರಿದೆ ಮಿಸ್ ಎಂದೆ, ಅವರು ಕೇಳುವ ಮೊದಲೇ. ಯಾವ ನೀರು ಎಂದರು. ಎಸಿ ನೀರು ಎಂದೆ. ಆ ಕಡೆ ಪುಟ ತಿರುಗಿಸಿದ ಸದ್ದು.

"ಅದ್ರಲ್ಲಿ ಉಪ್ಪಿರಲ್ಲ. ಗುಡ್. ಬರ್ಕೊಳ್ತೀನಿ."

ಎಸಿ ನೀರು ಬರಬೇಕಾದರೆ ಅಕ್ಟೋಬರಿನ ಚಳಿಯಲ್ಲಿ ದಿನವಿಡೀ ಎಸಿ ಹಾಕಿಕೊಂಡು ಕೂರಬೇಕಾಗುತ್ತದೆ ಎಂಬುದು ಹೊಳೆದದ್ದು ಫೋನಿಟ್ಟ ಮೇಲೆ. ಹೆಂಡತಿಗೆ ಇನ್ನೂ ಹೇಳಿಲ್ಲ. ಸದ್ಯಕ್ಕೆ ರಗ್ಗುಗಳನ್ನು ತೆಗೆದು ಬಿಸಿಲಿಗೆ ಹಾಕಿದ್ದೇನೆ.