ಹಿಡಿದು ಬಿಡುವವರು

ಅಬುಧಾಬಿಯಲ್ಲಿ ನಮ್ಮ ಎದುರು ಫ್ಲಾಟಿನವರು ಮಲ್ಪೆಯ ಮೀನುಗಾರರೊಬ್ಬರ ಮಗ. ಶುಕ್ರವಾರ ಬಂತೆಂದರೆ ನನ್ನನ್ನೂ ಕೂರಿಸಿಕೊಂಡು ಅಲ್ ಐನ್‌ನ ಕೆರೆಗೆ ಹೋಗಿ, ದುಬಾರಿ ಗಾಳದಲ್ಲಿ ತಿಲಾಪಿಯಾ ಮೀನು ಹಿಡಿದು, ಅದಕ್ಕೊಂದು ಮುತ್ತು ಕೊಟ್ಟು, ಫೋಟೋ ತೆಗೆಸಿಕೊಂಡು ನೀರಿಗೆ ಬಿಡುತ್ತಿದ್ದರು. “ಇದು ಸ್ಪೋರ್ಟ್ ಮಾರಾಯ್ರೆ, ಹೊಟ್ಟೆಪಾಡಲ್ಲ” ಎನ್ನುವುದು ಅವರ ವೇದವಾಕ್ಯ.

ಒಮ್ಮೆ, ವಿಸಿಟ್ ವೀಸಾದಲ್ಲಿ ಬಂದಿದ್ದ ಅವರ ತಾಯಿಯೂ ಜೊತೆಯಾದರು. ಬುಟ್ಟಿ ಹೊತ್ತು ಮೀನು ಮಾರಿ ಮಗನನ್ನು ಓದಿಸಿದವರು. ಮಗ ಮೊದಲ ಮೀನನ್ನು ಬಿಟ್ಟದ್ದೇ ತಡ, ತಾಯಿ ಎದ್ದು ನಿಂತರು.

“ಎಂತ ಮಗಾ, ಸಿಕ್ಕಿದ್ದನ್ನು ಬಿಡುದಾ? ನಿನ್ನಪ್ಪ ಹೀಗೆ ಬಿಟ್ಟಿದ್ರೆ ನೀನು ಎಂತ ತಿಂತಿದ್ದೆ?”

ಮಗನ ಮುಖ ಕೆಂಪಾಯಿತು. ಎರಡನೆಯ ಮೀನನ್ನು ತಾಯಿಯೇ ಕಸಿದುಕೊಂಡು ಚೀಲಕ್ಕೆ ಹಾಕಿದರು. ಯಾರಾದರೂ ನೋಡಿಬಿಟ್ಟರೇನೋ ಎಂದು ಮಗ ಸುತ್ತಮುತ್ತ ನೋಡಿ, “ಯಲ್ಲಾ, ಬೇಗ ಹತ್ತಿ” ಎಂದು ಅರಬ್ಬರ ಧಾಟಿಯಲ್ಲಿ ಅವಸರಿಸಿ ಕಾರಿನತ್ತ ಓಡಿದರು.

ಸಂಜೆ ಅವರಲ್ಲಿ ನನಗೂ ಊಟವಿತ್ತು. ಸಾರಿನಲ್ಲಿದ್ದ ಮೀನಿನ ತಲೆಯನ್ನು ಮಗ ಯಾರಿಗೂ ಬಿಡಲಿಲ್ಲ.